ಬೂಷ್ಟಿನ ಬೇಲಿ, ಮದ್ದಿನ ಗುರಿ

ಗುಬ್ಬಿ ತಾಲ್ಲೂಕಿನ ತೆಂಗು ಬೆಳೆಗಾರರಿಗೆ ಅಣಬೆ ರೋಗದ ಪರಿಚಯ ಮಾಡಿಕೊಡಬೇಕಿಲ್ಲ. ಗ್ಯಾನೋಡರ್ಮಾ ಎಂಬ ಶಿಲೀಂಧ್ರ ಬೇರಿಗೆ ಹತ್ತಿ, ಗರಿಗಳು ಜೋತುಬಿದ್ದು, ಬುಡದಲ್ಲಿ ಅಣಬೆ ಮೂಡುವ ಹೊತ್ತಿಗೆ ಮರದ ಆಸೆ ಬಿಡಬೇಕಾಗುತ್ತದೆ. ರೋಗದ ಆರಂಭದಲ್ಲೇ ಬೇರಿನ ಮೂಲಕ ಹೆಕ್ಸಾಕೊನಜೋಲ್ ಉಣಿಸಬೇಕೆಂಬುದು ತಜ್ಞರ ಸಲಹೆ. ಅದೇ ತೋಟದ ಮನೆಯ ಹುಡುಗನ ಸೊಂಟದಲ್ಲಿ ಗಜಕರ್ಣ ಎದ್ದರೆ ವೈದ್ಯರು ಬರೆದುಕೊಡುವ ಇಟ್ರಾಕೊನಜೋಲ್ ಕೂಡ ಅದೇ ವಂಶದ್ದು!

ಮರಕ್ಕೂ ಮನುಷ್ಯನಿಗೂ ಒಂದೇ ಬಗೆಯ ಮದ್ದೇ? ಹೌದು. ಎರಡೂ ಕಡೆ ಶತ್ರು ಶಿಲೀಂಧ್ರವೇ. ಹುಳುಕಡ್ಡಿ ಎಂದು ಕರೆದರೂ ಅದರಲ್ಲಿ ಹುಳುವೇನೂ ಇಲ್ಲ.

ಬ್ಯಾಕ್ಟೀರಿಯಾ ನಮ್ಮ ಜೀವಕೋಶಕ್ಕಿಂತ ತೀರಾ ಭಿನ್ನ. ಹಾಗಾಗಿ ಅದಕ್ಕೆ ಮದ್ದುಗಳು ಹಲವು. ಶಿಲೀಂಧ್ರದ ಕೋಶದಲ್ಲಾದರೋ ನಮ್ಮಂತೆಯೇ ಕೋಶಕೇಂದ್ರವಿದೆ, ಮೈಟೊಕಾಂಡ್ರಿಯಾ ಇದೆ. ಅದನ್ನು ಕೊಲ್ಲುವ ವಿಷ ನಮ್ಮನ್ನೂ ಬಾಧಿಸೀತು. ವಿಜ್ಞಾನಿಗಳಿಗೆ ದಾರಿ ತೋರಿಸಿದ್ದು ಕೋಶದ ಹೊರ ಅಂಚಿನ ವ್ಯತ್ಯಾಸಗಳು. ನಮ್ಮ ಕೋಶಪೊರೆಯಲ್ಲಿ ಕೊಲೆಸ್ಟರಾಲ್ ಇದ್ದರೆ ಅದರ ಪೊರೆಯಲ್ಲಿ ಎರ್ಗೊಸ್ಟೆರಾಲ್ ಇದೆ. ಪೊರೆಯಾಚೆ ಕೈಟಿನ್, ಗ್ಲುಕಾನ್‌ಗಳ ಗೋಡೆಯೂ ಇದೆ, ನಮಗೆ ಅದಿಲ್ಲ.

ಹೆಚ್ಚಿನ ಮದ್ದುಗಳ ಗುರಿ ಈ ಬೇಲಿಯೇ. ಎರ್ಗೊಸ್ಟೆರಾಲ್ ತಯಾರಿಸುವ ಒಂದು ಕಿಣ್ವವನ್ನು ಅಜೋಲ್‌ಗಳು ತಡೆದರೆ, ಅದಕ್ಕೂ ಹಿಂದಿನ ಹಂತದ ಕಿಣ್ವವನ್ನು ಟರ್ಬಿನಾಫಿನ್ ತಡೆಯುತ್ತದೆ. ಆಂಫೊಟೆರಿಸಿನ್ ಬಿ ನೇರವಾಗಿ ಎರ್ಗೊಸ್ಟೆರಾಲ್‌ಗೇ ಅಂಟಿ ಪೊರೆಯನ್ನು ಹಾಳುಗೆಡವುತ್ತದೆ. 2021ರಲ್ಲಿ ಕೋವಿಡ್ ಬೆನ್ನಲ್ಲೇ ಕಪ್ಪು ಶಿಲೀಂಧ್ರ ಕಾಣಿಸಿಕೊಂಡಾಗ ಕರ್ನಾಟಕದಲ್ಲಿ ಅಭಾವವಾದದ್ದು ಇದೇ ಔಷಧಿಗೆ. ಎಕಿನೊಕ್ಯಾಂಡಿನ್‌ಗಳು ಗ್ಲುಕಾನ್ ಗೋಡೆ ಏಳದಂತೆ ಮಾಡುತ್ತವೆ. ಮುಖ್ಯ ಅಸ್ತ್ರಗಳನ್ನು ಒಂದೇ ಕೈಬೆರಳಲ್ಲಿ ಎಣಿಸಬಹುದು!

ಇರುವ ಈ ಕೆಲವೇ ಅಸ್ತ್ರಗಳೂ ಮೊಂಡಾಗುತ್ತಿವೆ. ಕಿಣ್ವದ ಒಂದೇ ಒಂದು ಅಮೈನೋ ಆಮ್ಲ ಬದಲಾದರೂ ಸಾಕು, ಟರ್ಬಿನಾಫಿನ್‌ಗೆ ಹಿಡಿತ ಸಿಗದು. ಭಾರತದಲ್ಲಿ ವ್ಯಾಪಕವಾಗಿ ಹಬ್ಬಿರುವ ಇಂಥ ಹಟಮಾರಿ ಗಜಕರ್ಣದ ಶಿಲೀಂಧ್ರಕ್ಕೆ 2020ರಲ್ಲಿ ಟ್ರೈಕೊಫೈಟಾನ್ ಇಂಡೊಟಿನಿಯೆ ಎಂದು ಹೆಸರಿಡಲಾಯಿತು. ಹೆಸರಿನಲ್ಲೇ ನಮ್ಮ ದೇಶವಿದೆ! 2023ರಲ್ಲಿ ನ್ಯೂಯಾರ್ಕ್‌ನಲ್ಲೂ ಅದು ಪತ್ತೆಯಾಯಿತು. ಹೊಲದ ಅಜೋಲ್‌ಗಳಿಗೂ ಇದರಲ್ಲಿ ಪಾಲುಂಟು. ಶ್ವಾಸಕೋಶಕ್ಕೆ ತಗಲುವ ಆಸ್ಪರ್ಜಿಲಸ್‌ನ ಅಜೋಲ್ ನಿರೋಧಕ ತಳಿಗಳು ಭಾರತದ ಮಣ್ಣಿನಲ್ಲೂ ಇರುವುದನ್ನು 2012ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು.

ಗಜಕರ್ಣದ ವಿಷಯದಲ್ಲಿ ತಜ್ಞರು ಬೊಟ್ಟು ಮಾಡುವುದು ಸ್ಟೀರಾಯ್ಡ್ ಬೆರೆತ ಮುಲಾಮುಗಳತ್ತ. ಹಚ್ಚಿದ ಕೂಡಲೇ ತುರಿಕೆ ಅಡಗುತ್ತದೆ. ವಾಸಿಯಾಯಿತೆಂದು ಮಕ್ಕಳೂ ಹಿರಿಯರೂ ನಂಬುತ್ತಾರೆ. ಚರ್ಮದ ರಕ್ಷಣೆಯೂ ಅಡಗುವುದರಿಂದ ಶಿಲೀಂಧ್ರ ಒಳಗೊಳಗೇ ಹಬ್ಬುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಆದರೆ ಅಂಗಡಿಯಲ್ಲಿ ಕೇಳಿ ತರುವ ರೂಢಿಯನ್ನು ಬಿಡಬೇಕಾದವರು ನಾವೇ.

ಪೋಷಕರು ಮಾಡಬೇಕಾದ್ದು ಇಷ್ಟೆ: ಮುಲಾಮು ತರುವ ಮೊದಲು ವೈದ್ಯರಿಗೆ ತೋರಿಸಿ. ತುರಿಕೆ ನಿಂತರೂ ಹೇಳಿದಷ್ಟು ವಾರ ಔಷಧಿ ಮುಂದುವರಿಸಿ. ಮನೆಯಲ್ಲಿ ಇನ್ನಾರಿಗಾದರೂ ಇದ್ದರೆ ಅವರಿಗೂ ಜೊತೆಯಲ್ಲೇ ಚಿಕಿತ್ಸೆ ಕೊಡಿಸಿ. ಹಾಸ್ಟೆಲಿನ ವಿದ್ಯಾರ್ಥಿಗಳು ಟವೆಲ್, ಒಳಉಡುಪು ಹಂಚಿಕೊಳ್ಳಬಾರದು. ಒಗೆದ ಬಟ್ಟೆಯನ್ನು ಬಿಸಿಲಲ್ಲಿ ಪೂರ್ತಿ ಒಣಗಿಸಬೇಕು. ಹೊಸ ಮದ್ದು ಬರಲು ವರ್ಷಗಟ್ಟಲೆ ಬೇಕು. ಇರುವುದನ್ನು ಉಳಿಸಿಕೊಳ್ಳುವುದು ಮಾತ್ರ ಇಂದೇ ಆಗಬಹುದಾದ ಕೆಲಸ.