ಬ್ಯಾಲೆ ಪದ್ಧತಿಗಳಲ್ಲಿ ಚಲನೆಯ ಗುಣಭೇದ

ಹದಿನೇಳನೆಯ ಶತಮಾನದ ಫ್ರಾನ್ಸಿನಲ್ಲಿ ರೂಪುಗೊಂಡ ಐದು ಪಾದಸ್ಥಾನಗಳು ಬ್ಯಾಲೆಯ ಎಲ್ಲ ಶಿಕ್ಷಣ ಪದ್ಧತಿಗಳಿಗೂ ತಳಹದಿಯಾಗಿವೆ, ಹೆಜ್ಜೆಗಳ ಫ್ರೆಂಚ್ ಹೆಸರುಗಳೂ ಬಹುಮಟ್ಟಿಗೆ ಒಂದೇ. ಹಾಗಿದ್ದರೂ ಕೋಪನ್‌ಹೇಗನ್, ಸೇಂಟ್ ಪೀಟರ್ಸ್‌ಬರ್ಗ್ ಮತ್ತು ನ್ಯೂಯಾರ್ಕ್‌ಗಳಲ್ಲಿ ಕಲಿತ ಮೂವರು ಒಂದೇ ಜಿಗಿತವನ್ನು ಮಾಡಿ ತೋರಿಸಿದರೆ, ಯಾರು ಎಲ್ಲಿ ಕಲಿತವರೆಂಬುದನ್ನು ಪಳಗಿದ ಕಣ್ಣು ಹೇಳಬಲ್ಲದು. ಈ ವ್ಯತ್ಯಾಸವನ್ನು ಶೈಲಿ ಎಂಬ ಒಂದೇ ಮಾತಿನಲ್ಲಿ ಮುಗಿಸುವುದು ವಾಡಿಕೆಯಾದರೂ, ಅದರ ಹಿಂದೆ ಬಲ, ಕಾಲ ಮತ್ತು ತೂಕದ ಹಂಚಿಕೆಗೆ ಸಂಬಂಧಿಸಿದ ಖಚಿತವಾದ ಆಯ್ಕೆಗಳಿವೆ.

ಚಲನೆಯ ಗುಣ ಎಂದರೆ ಅಂಗವೊಂದು ಎಲ್ಲಿಗೆ ಸರಿಯಿತು ಎಂಬುದಕ್ಕಿಂತ ಹೇಗೆ ಸರಿಯಿತು ಎಂಬುದರ ವಿವರಣೆ. ಚಲನಶಾಸ್ತ್ರಜ್ಞ ರುಡಾಲ್ಫ್ ಲಾಬಾನ್ ಎಫ್. ಸಿ. ಲಾರೆನ್ಸ್ ಅವರೊಡನೆ 1947ರಲ್ಲಿ ಪ್ರಕಟಿಸಿದ ಕೃತಿಯಲ್ಲಿ ಇದನ್ನು ಭಾರ, ಕಾಲ, ಅವಕಾಶ, ಹರಿವು ಎಂಬ ನಾಲ್ಕು ಅಂಶಗಳಾಗಿ ಬಿಡಿಸಿದರು. ಇಂದಿನ ಪ್ರಯೋಗಾಲಯಗಳಲ್ಲಿ ಪಾದವು ನೆಲವನ್ನು ಒತ್ತುವ ಬಲವನ್ನು ಅಳೆಯುವ ಫಲಕಗಳೂ ಕೀಲುಗಳ ಸ್ಥಾನವನ್ನು ಕ್ಷಣಕ್ಷಣಕ್ಕೂ ದಾಖಲಿಸುವ ಕ್ಯಾಮೆರಾಗಳೂ ಬಳಕೆಯಲ್ಲಿವೆ. ವೇಗೋತ್ಕರ್ಷ ಎಷ್ಟು ಥಟ್ಟನೆ ಬದಲಾಗುತ್ತದೆ ಎಂಬುದನ್ನು ಲೆಕ್ಕ ಹಾಕಿದರೆ ಚಲನೆಯ ನಯವೂ ಸಂಖ್ಯೆಯ ಹಿಡಿತಕ್ಕೆ ಬರುತ್ತದೆ.

ಜಿಗಿತದಲ್ಲಿ ಈ ಆಯ್ಕೆಗಳು ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುತ್ತವೆ. ನೆಲ ಬಿಟ್ಟ ಮೇಲೆ ದೇಹದ ಗುರುತ್ವ ಕೇಂದ್ರ ಸಾಗುವ ಪಥವನ್ನು ಯಾವ ಗುರುವೂ ತಿದ್ದಲಾರರು. ಅರ್ಧ ಸೆಕೆಂಡು ಗಾಳಿಯಲ್ಲಿರಬೇಕಾದರೆ ಆ ಕೇಂದ್ರ ಸುಮಾರು 31 ಸೆಂಟಿಮೀಟರ್ ಏರಲೇಬೇಕು. ತಿದ್ದಲು ಸಾಧ್ಯವಿರುವುದು ನೆಲ ಬಿಡುವ ಮುನ್ನಿನ ಸಿದ್ಧತೆಯನ್ನು ಮತ್ತು ಗಾಳಿಯಲ್ಲಿ ಅಂಗಗಳು ಸೇರುವ ಬಗೆಯನ್ನು. ಪ್ಯಾರಿಸ್ಸಿನಲ್ಲಿ ಒಗ್ಯುಸ್ತ್ ವೆಸ್ತ್ರಿಸ್ ಅವರಲ್ಲಿ ಕಲಿತು 1830ರಲ್ಲಿ ಕೋಪನ್‌ಹೇಗನ್ನಿಗೆ ಮರಳಿದ ಆಗಸ್ಟ್ ಬೂರ್ನೊನ್‌ವಿಲ್ ಅವರ ಪದ್ಧತಿಯಲ್ಲಿ ತೋಳುಗಳು ಬಹುಪಾಲು ತೊಡೆಯ ಬಳಿ ಕೆಳಗೇ ನಿಲ್ಲುತ್ತವೆ, ಮೇಲ್ಭಾಗದ ದೇಹ ಪ್ರಶಾಂತವಾಗಿರುತ್ತದೆ, ಪಾದಗಳು ಮಾತ್ರ ಗಾಳಿಯಲ್ಲಿ ಒಂದಕ್ಕೊಂದು ತಾಕುತ್ತ ಮಿಂಚುತ್ತವೆ. ತೋಳನ್ನು ಬೀಸಿ ಹಾರಿದರೆ ಎತ್ತರ ಸ್ಪಷ್ಟವಾಗಿ ಹೆಚ್ಚುತ್ತದೆ; ಆ ನೆರವನ್ನು ಬಿಟ್ಟುಕೊಡುವ ನರ್ತಕ ಮಂಡಿ ಮಡಿಸುವ ಪ್ಲಿಯೆಯಿಂದಲೇ, ಎಂದರೆ ಮೀನಖಂಡದ ಸ್ನಾಯುಗಳೂ ಹಿಮ್ಮಡಿಯ ಸ್ನಾಯುರಜ್ಜುವೂ ಹಿಗ್ಗಿ ಪುಟಿಯುವ ಬಲದಿಂದಲೇ, ಮೇಲೇರಬೇಕಾಗುತ್ತದೆ. ಶ್ರಮದ ಸುಳಿವೇ ಕಾಣದ ಆ ಲಘುತ್ವಕ್ಕಾಗಿ ಕಾಲುಗಳು ತೆರುವ ಬೆಲೆ ಬಹಳ ದೊಡ್ಡದು.

ಅಗ್ರಿಪ್ಪಿನಾ ವಾಗನೋವಾ 1934ರಲ್ಲಿ ಪುಸ್ತಕರೂಪದಲ್ಲಿ ನಿರೂಪಿಸಿದ ರಷ್ಯನ್ ಪದ್ಧತಿ ಇದಕ್ಕಿಂತ ಭಿನ್ನವಾದ ಹಾದಿ ಹಿಡಿಯಿತು. ಫ್ರೆಂಚ್ ಮಾರ್ದವವನ್ನೂ ಎನ್ರಿಕೊ ಚೆಕೆಟ್ಟಿಯಂಥವರು ಪೀಟರ್ಸ್‌ಬರ್ಗಿಗೆ ತಂದ ಇಟಾಲಿಯನ್ ದೃಢತೆಯನ್ನೂ ಬೆಸೆದ ಈ ಪದ್ಧತಿಯಲ್ಲಿ ಬೆನ್ನು ಚಲನೆಯ ಮೂಲಾಧಾರ, ತೋಳುಗಳು ಜಿಗಿತದ ಸಕ್ರಿಯ ಪಾಲುದಾರರು. ಒಂದು ಕಾಲನ್ನು ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ಚಾಚುವ ಗ್ರಾಂ ಜೆತೆಯಲ್ಲಿ ಕಾಲುಗಳೂ ತೋಳುಗಳೂ ಏರಿಕೆಯ ತುದಿಯಲ್ಲಿ ಮೇಲೆದ್ದಾಗ ಗುರುತ್ವ ಕೇಂದ್ರ ದೇಹದೊಳಗೇ ಸ್ವಲ್ಪ ಮೇಲಕ್ಕೆ ಸರಿಯುತ್ತದೆ; ಕೇಂದ್ರ ತನ್ನ ಪರವಲಯದ ಹಾದಿಯಲ್ಲೇ ಸಾಗುತ್ತಿದ್ದರೂ ತಲೆ ಕೆಲವು ಕ್ಷಣ ಸಮತಲದಲ್ಲಿ ಚಲಿಸುವುದರಿಂದ, ನರ್ತಕಿ ಗಾಳಿಯಲ್ಲಿ ತೇಲಿದಳೆಂದು ಪ್ರೇಕ್ಷಕರಿಗೆ ಭಾಸವಾಗುತ್ತದೆ. ಈ ಭ್ರಮೆ ಕೂಡಿಬರುವುದು ಅಂಗಗಳ ಕಾಲಮೇಳದಿಂದ, ಆ ಕಾಲಮೇಳ ಸಿದ್ಧಿಸುವುದು ವರ್ಷಗಟ್ಟಲೆಯ ಅಭ್ಯಾಸದಿಂದ.

ಪೀಟರ್ಸ್‌ಬರ್ಗಿನಲ್ಲೇ ಕಲಿತ ಜಾರ್ಜ್ ಬಾಲಂಚೀನ್, 1934ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾದ ಸ್ಕೂಲ್ ಆಫ್ ಅಮೆರಿಕನ್ ಬ್ಯಾಲೆಯ ಮೂಲಕ ವೇಗಕ್ಕೆ ಅಗ್ರಸ್ಥಾನ ಕೊಟ್ಟರು. ತೂಕ ಪಾದದ ಮುಂಭಾಗದ ಮೇಲಿರಬೇಕೆಂಬುದು ಅವರ ಆಗ್ರಹವಾಗಿತ್ತು. ಅವರ ಪಿರೂಯೆಟ್, ಎಂದರೆ ಒಂಟಿ ಕಾಲಿನ ಮೇಲಿನ ಸುತ್ತು, ಭೌತಶಾಸ್ತ್ರದ ದೃಷ್ಟಿಯಿಂದ ವಿಶೇಷವಾಗಿ ಗಮನಾರ್ಹ. ಸುತ್ತಲು ಬೇಕಾದ ಕೋನೀಯ ಸಂವೇಗ ದೊರೆಯುವುದು ಎರಡು ಪಾದಗಳು ನೆಲವನ್ನು ವಿರುದ್ಧ ದಿಕ್ಕುಗಳಿಗೆ ತಳ್ಳಿದಾಗ. ಪಾದಗಳ ನಡುವಿನ ಅಂತರ ಹೆಚ್ಚಿದಷ್ಟೂ ಅದೇ ಬಲದಿಂದ ಹೆಚ್ಚು ತಿರುವು ಸಿಗುತ್ತದೆ. ಸಾಂಪ್ರದಾಯಿಕ ಪದ್ಧತಿಗಳಲ್ಲಿ ಈ ತಯಾರಿಯಲ್ಲಿ ಎರಡೂ ಮಂಡಿಗಳು ಮಡಿದಿರುತ್ತವೆ. ಬಾಲಂಚೀನ್ ಹಿಂಗಾಲನ್ನು ನೇರವಾಗಿ ದೂರ ಚಾಚಿಸಿ ಅಂತರವನ್ನು ಹಿಗ್ಗಿಸಿದರು, ತೂಕವನ್ನು ಮುಂಗಾಲಿನತ್ತ ವಾಲಿಸಿದರು, ಮುಂದೆ ಬರಲಿರುವುದು ಸುತ್ತೋ ಹೆಜ್ಜೆಯೋ ಎಂಬುದು ನೋಡುವವರಿಗೆ ಕೊನೆಯವರೆಗೂ ತಿಳಿಯದಂತೆ ಮಾಡಿದರು. ಡೆನ್ಮಾರ್ಕಿನಲ್ಲಿ ತಯಾರಿಯನ್ನು ಅಡಗಿಸಿದ್ದು ಸೌಮ್ಯತೆಗಾಗಿ, ಇಲ್ಲಿ ಅದನ್ನು ಮರೆಸಿದ್ದು ಚಕಿತಗೊಳಿಸುವುದಕ್ಕಾಗಿ.

ಇಂಥ ಹೋಲಿಕೆಗಳಿಗೆ ಎರಡು ಎಚ್ಚರಿಕೆಗಳು ಅಗತ್ಯ. ಮೊದಲನೆಯದಾಗಿ, ಭರತನಾಟ್ಯದ ಅರೆಮಂಡಿಯಂತೆ ಬ್ಯಾಲೆಯೂ ತೊಡೆಯೆಲುಬು ಸೊಂಟದ ಕೀಲಿನಲ್ಲಿ ಹೊರಮುಖವಾಗಿ ತಿರುಗುವುದನ್ನು ಅವಲಂಬಿಸಿದೆ, ಆ ತಿರುವಿನ ಮಿತಿಯನ್ನು ಬಹುಪಾಲು ಎಲುಬಿನ ಆಕಾರ ನಿರ್ಧರಿಸುತ್ತದೆ; ದೊಡ್ಡ ಶಾಲೆಗಳು ಪ್ರವೇಶದಲ್ಲೇ ಮಕ್ಕಳ ದೇಹವನ್ನು ಪರೀಕ್ಷಿಸಿ ಆಯ್ಕೆ ಮಾಡುವುದರಿಂದ, ಕಣ್ಣಿಗೆ ಬೀಳುವ ಭೇದದಲ್ಲಿ ಶಿಕ್ಷಣದ ಪಾಲೆಷ್ಟು, ಆಯ್ಕೆಯ ಪಾಲೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ಎರಡನೆಯದು ಇದಕ್ಕಿಂತ ಗಂಭೀರವಾದದ್ದು: ಪದ್ಧತಿಗಳು ನಿಂತ ನೀರಲ್ಲ. ಲಂಡನ್ನಿನ ರಾಯಲ್ ಬ್ಯಾಲೆ ಪ್ರದರ್ಶಿಸಿದ ‘ಸ್ಲೀಪಿಂಗ್ ಬ್ಯೂಟಿ’ಯ 1946ರಿಂದ 2004ರವರೆಗಿನ ಚಿತ್ರಗಳನ್ನು ಅಳೆದು 2009ರಲ್ಲಿ ಪ್ರಕಟವಾದ ಅಧ್ಯಯನವೊಂದು, ಅದೇ ನೃತ್ಯದ ಅದೇ ಭಂಗಿಗಳಲ್ಲಿ ಕಾಲು ದಶಕದಿಂದ ದಶಕಕ್ಕೆ ಹೆಚ್ಚು ಮೇಲೇರುತ್ತ ಬಂದುದನ್ನು ತೋರಿಸಿತು. ಒಂದೇ ಸಂಸ್ಥೆಯೊಳಗೆ ಇಷ್ಟು ಬದಲಾವಣೆ ನಡೆದಿರುವಾಗ, ಯಾವ ಕಾಲದ ನರ್ತಕರೆಂದು ಹೇಳದೆ ಎರಡು ಪದ್ಧತಿಗಳನ್ನು ಹೋಲಿಸುವ ಯಾವ ತೀರ್ಮಾನವೂ ವೈಜ್ಞಾನಿಕವಾಗಿ ನಿಲ್ಲುವುದಿಲ್ಲ.