ರೋಬೋ ಕಲಿಯೋಕೆ ಬೆಂಗಳೂರೇ ಬೇಕಾ?

ಬೀದರ್ ಜಿಲ್ಲೆಯ ಔರಾದ್‌ನಲ್ಲೇ ಕೂತು ರೋಬೋ ಕಟ್ಟೋದು ಕಲಿಯಬಹುದಾ? ಖಂಡಿತ! ಮೊದಲೇ ಕಿಟ್ ಕೊಳ್ಳಬೇಡಿ. ಟಿಂಕರ್‌ಕ್ಯಾಡ್ ಜಾಲತಾಣದಲ್ಲಿ, ಪರದೆಯ ಮೇಲೇ, ಆರ್ಡುಯಿನೊ ಎಂಬ ಪುಟ್ಟ ಕಂಟ್ರೋಲರ್ ಬೋರ್ಡಿನ ಸರ್ಕ್ಯೂಟ್ ಜೋಡಿಸಿ, ಕೋಡ್ ಓಡಿಸಿ ನೋಡಿ. ಉಚಿತ, ಏನೂ ಸುಟ್ಟುಹೋಗಲ್ಲ.

ಯೂಟ್ಯೂಬ್‌ನಲ್ಲಿ ಪಾಠಗಳು ರಾಶಿ ರಾಶಿ. ಒಳ್ಳೆಯದನ್ನು ಗುರುತಿಸೋದು ಹೇಗೆ? ಮೋಟಾರನ್ನು ನೇರವಾಗಿ ಆರ್ಡುಯಿನೊ ಪಿನ್ನಿಗೆ ಜೋಡಿಸುವ ವಿಡಿಯೊ ಬಿಟ್ಟುಬಿಡಿ. ಆರ್ಡುಯಿನೊ ಯುನೊ ಬೋರ್ಡಿನ ಒಂದು ಪಿನ್ ಹೆಚ್ಚೆಂದರೆ 40 ಮಿಲಿಆಂಪಿಯರ್ ತಾಳುತ್ತೆ; ಚಕ್ರ ತಿರುಗಿಸೋ ಪುಟ್ಟ ಮೋಟಾರಿಗೂ ಅದು ಸಾಲದು. ನಡುವೆ ಎಲ್298ಎನ್‌ನಂಥ ಮೋಟಾರ್ ಡ್ರೈವರ್ ಬೇಕು. ಯಾಕೆ ಬೇಕು ಅಂತ ಬಿಡಿಸಿ ಹೇಳೋರ ಪಾಠವನ್ನೇ ನಂಬಿ.

ಶಾಲೆಯಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ ಇದ್ದರೆ, ಮೇಷ್ಟ್ರನ್ನ ಕೇಳಿ ಬೀಗ ತೆಗೆಸಿ. ಅದು 6ರಿಂದ 12ನೇ ತರಗತಿಯ ಮಕ್ಕಳಿಗಾಗಿಯೇ ಇರೋದು.

ಬೀದರ್‌ನ ಗುರುನಾನಕ್ ದೇವ್, ಭಾಲ್ಕಿಯ ಭೀಮಣ್ಣ ಖಂಡ್ರೆ ಎಂಜಿನಿಯರಿಂಗ್ ಕಾಲೇಜಿನ ಗೆಳೆಯರೇ, ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಪಾಠಗಳ ತಾಣದಲ್ಲಿ ಐಐಟಿ ಪ್ರಾಧ್ಯಾಪಕರ ರೊಬೊಟಿಕ್ಸ್ ಪಾಠ ಉಚಿತವಾಗಿ ನೋಡಬಹುದು. ಜೊತೆಗೆ ಐಐಟಿ ಬಾಂಬೆಯ ಇ-ಯಂತ್ರ ರೊಬೊಟಿಕ್ಸ್ ಸ್ಪರ್ಧೆಗೆ ಈಗಲೇ ತಂಡ ಕಟ್ಟಿ.