ಕಡಲ ದಂಡೆಯ ಪಾಠ

ಶಾಲೆಗೆ ಹೋಗದ ಮಗು ಎಂದೊಡನೆ ನಮ್ಮ ಕಣ್ಣೆದುರು ನಿಲ್ಲುವುದು ದನ ಕಾಯುವ, ಇಲ್ಲವೆ ಚಹದಂಗಡಿಯಲ್ಲಿ ಲೋಟ ತೊಳೆಯುವ ಬಾಲಕನ ಚಿತ್ರ. ತಾಯಿತಂದೆಗಳು ವಿದ್ಯಾವಂತರಾಗಿದ್ದು, ಮನೆಯ ಸಮೀಪದಲ್ಲಿಯೇ ಒಳ್ಳೆಯ ಶಾಲೆಯಿದ್ದೂ ಮಕ್ಕಳಿಗೆ ತಾವೇ ಕಲಿಸುವುದುಂಟೆಂದರೆ ನಮ್ಮಲ್ಲಿ ಹಲವರು ನಂಬಲಾರರು. ಅಮೆರಿಕೆಯಲ್ಲಿ ಇದು ಅಪರೂಪವಲ್ಲ. ಗೃಹಶಿಕ್ಷಣವೆಂದು ಇದನ್ನು ಕರೆಯಬಹುದು. ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆಯಲ್ಲಿ ನೆಲೆಸಿರುವ ನನ್ನ ಸೋದರಸೊಸೆಯ ಮನೆಯಲ್ಲಿ 2020ರ ಸಾಂಕ್ರಾಮಿಕ ಕಾಲದಲ್ಲಿ ಆರಂಭವಾದ ಮನೆಪಾಠ, ಶಾಲೆಗಳು ಬಾಗಿಲು ತೆರೆದ ಮೇಲೂ ನಿಲ್ಲಲಿಲ್ಲ. ಮಗಳಿಗೆ ಹದಿಮೂರು, ಮಗನಿಗೆ ಒಂಬತ್ತು ವರ್ಷವಾಗಿದ್ದಾಗ, 2023ರ ಸೆಪ್ಟೆಂಬರ್ ತಿಂಗಳ ಒಂದು ಮಂಗಳವಾರ, ಅವರ ತರಗತಿಯನ್ನು ಕಣ್ಣಾರೆ ಕಾಣುವ ಅವಕಾಶ ನನಗೊದಗಿತು. ಅಂದಿನ ತರಗತಿ ನಡೆದದ್ದು ನೂರು ಕಿಲೋಮೀಟರಿಗೂ ಮಿಕ್ಕ ದೂರದ ಮಾಂಟೆರೇ ಕೊಲ್ಲಿಯ ಮತ್ಸ್ಯಾಲಯದಲ್ಲಿ.

ಇದು ಕಾನೂನಿಗೆ ಕಣ್ಣು ಮುಚ್ಚಿ ನಡೆಸುವ ವ್ಯವಹಾರವಲ್ಲ. ಆ ರಾಜ್ಯದಲ್ಲಿ ಆರರಿಂದ ಹದಿನೆಂಟು ವರ್ಷದವರೆಗೆ ಶಿಕ್ಷಣ ಕಡ್ಡಾಯ. ಮನೆಯಲ್ಲಿ ಕಲಿಸುವ ಹಲವರು ಪ್ರತಿ ವರ್ಷ ಅಕ್ಟೋಬರ್ 1ರಿಂದ 15ರೊಳಗೆ ತಮ್ಮ ಮನೆಯನ್ನೇ ಒಂದು ಖಾಸಗಿ ಶಾಲೆಯೆಂದು ಘೋಷಿಸಿ ಸರಕಾರಕ್ಕೆ ಪ್ರಮಾಣಪತ್ರ ಸಲ್ಲಿಸುತ್ತಾರೆ. ಹಾಜರಿ ಪುಸ್ತಕ ಇಡಬೇಕು. ಬೋಧನೆ ಇಂಗ್ಲಿಷಿನಲ್ಲಿ ಆಗಬೇಕು. (ಕನ್ನಡದ ಪಾಠ ಆ ಮನೆಯಲ್ಲಿ ರಾತ್ರಿಯ ಊಟದ ನಂತರ.) 2008ರ ಫೆಬ್ರವರಿಯಲ್ಲಿ ಅಲ್ಲಿಯ ಮೇಲ್ಮನವಿ ನ್ಯಾಯಾಲಯವೊಂದು, ಶಿಕ್ಷಕ ಅರ್ಹತಾಪತ್ರವಿಲ್ಲದ ತಾಯಿತಂದೆಗಳು ಹೀಗೆ ಕಲಿಸಲಾಗದೆಂದು ತೀರ್ಪಿತ್ತಾಗ ದೊಡ್ಡ ಕೋಲಾಹಲವೇ ಆಯಿತು. ಅದೇ ನ್ಯಾಯಾಲಯ ಮರುವಿಚಾರಣೆ ನಡೆಸಿ, ಆಗಸ್ಟ್ ತಿಂಗಳಲ್ಲಿ ಆ ಮಾತನ್ನು ಹಿಂತೆಗೆದುಕೊಂಡಿತು.

ಮತ್ಸ್ಯಾಲಯವಿರುವ ಬೀದಿಯಲ್ಲಿ ಒಂದು ಕಾಲಕ್ಕೆ ಮೀನನ್ನು ಡಬ್ಬಿಗಳಲ್ಲಿ ತುಂಬುವ ಕಾರಖಾನೆಗಳು ಸಾಲುಗಟ್ಟಿದ್ದವು. ನಮ್ಮ ಕರಾವಳಿಯವರು ಬೂತಾಯಿ ಎನ್ನುವ ಮೀನಿನ ಬಳಗಕ್ಕೆ ಸೇರಿದ ಸಾರ್ಡೀನ್ ಮೀನುಗಳೇ ಅವುಗಳ ಬಂಡವಾಳ. 1940ರ ದಶಕದ ಕೊನೆಗೆ ಸಮುದ್ರದಲ್ಲಿ ಮೀನು ಬತ್ತಿತು, ಕಾರಖಾನೆಗಳು ಒಂದೊಂದಾಗಿ ಮುಚ್ಚಿದವು. ಕೊನೆಯದಾದ ಹಾವ್ಡೆನ್ ಕಾರಖಾನೆ 1973ರಲ್ಲಿ ನಿಂತುಹೋಯಿತು. ಅದರ ನೆಲದ ಮೇಲೆಯೇ 1984ರ ಅಕ್ಟೋಬರ್ 20ರಂದು ಈ ಮತ್ಸ್ಯಾಲಯ ತೆರೆಯಿತು. ಡೇವಿಡ್ ಪ್ಯಾಕರ್ಡ್ ಮತ್ತು ಲೂಸಿಲ್ ಪ್ಯಾಕರ್ಡ್ ದಂಪತಿಗಳ ದೇಣಿಗೆ ಅದಕ್ಕೆ ಆಧಾರ. ಹಳೆಯ ಕಾರಖಾನೆಯ ಉಗಿಯ ಬಾಯ್ಲರುಗಳನ್ನು ಒಳಗೆ ಹಾಗೆಯೇ ಉಳಿಸಿಕೊಂಡಿದ್ದಾರೆ. ತಾಯಿ ಮಕ್ಕಳನ್ನು ಮೊದಲು ನಿಲ್ಲಿಸಿದ್ದು ಮೀನಿನ ಮುಂದಲ್ಲ, ಆ ಬಾಯ್ಲರುಗಳ ಮುಂದೆ. ಆಕೆಯ ಈ ಕ್ರಮ ನನಗೆ ಬಹಳ ಮೆಚ್ಚುಗೆಯಾಯಿತು.

ಅನಂತರ ಕಂಡದ್ದು ಕೆಲ್ಪ್ ಎಂಬ ಕಡಲ ಸಸ್ಯದ ಕಾಡು. ಇಪ್ಪತ್ತೆಂಟು ಅಡಿ ಎತ್ತರದ ಗಾಜಿನ ಕೊಳದಲ್ಲಿ ಹೊಂಬಣ್ಣದ ಎಲೆಗಳು ಕೆಳಗಿನಿಂದ ಮೇಲಿನವರೆಗೆ ತೊನೆಯುತ್ತವೆ, ನಡುವೆ ಮೀನುಗಳು. ಕೊಳಕ್ಕೆ ಛಾವಣಿಯಿಲ್ಲ, ಬಿಸಿಲು ನೇರವಾಗಿ ಬೀಳುತ್ತದೆ. ನೀರನ್ನು ಯಂತ್ರವೊಂದು ಸದಾ ಅಲ್ಲಾಡಿಸುತ್ತಿರುತ್ತದೆ. ಅಲ್ಲಾಡಿಸುವುದೇತಕ್ಕೆ ಎಂದು ಹುಡುಗ ಕೇಳಿದ. ಕೆಲ್ಪಿಗೆ ಬೇರಿಲ್ಲ, ಕಲ್ಲನ್ನು ಹಿಡಿದುಕೊಳ್ಳುವ ಹಿಡಿಕೆ ಮಾತ್ರವುಂಟು. ಆಹಾರವನ್ನು ಅದು ಎಲೆಗಳ ಮೂಲಕವೇ ಹೀರಬೇಕಾದ್ದರಿಂದ ಹೊಸ ನೀರು ಮೈಯನ್ನು ಸವರುತ್ತಲೇ ಇರಬೇಕು. ತಾಯಿ ಉತ್ತರ ಹೇಳಲಿಲ್ಲ. "ಬೇರಿಲ್ಲದ ಗಿಡ ಉಣ್ಣೂದು ಹೆಂಗ?" ಎಂದು ತಿರುಗಿ ಕೇಳಿ ಸುಮ್ಮನಾದಳು. ಹುಡುಗ ಗಾಜಿಗೆ ಹಣೆಯೊತ್ತಿ ಹತ್ತು ನಿಮಿಷ ನಿಂತ. ನಲವತ್ತು ನಿಮಿಷಗಳ ಗಂಟೆ ಬಾರಿಸುವ ಯಾವ ಶಾಲೆಯೂ ಈ ಹತ್ತು ನಿಮಿಷಗಳನ್ನು ಒಬ್ಬ ಹುಡುಗನಿಗೆ ಕೊಡಲಾರದು.

ಕಡಲ ನೀರುನಾಯಿಗಳ ಕಥೆಯಂತೂ ಒಂದು ಪುರಾಣದಷ್ಟಿದೆ. ತಿಮಿಂಗಿಲಕ್ಕಿರುವಂತೆ ಇದಕ್ಕೆ ಕೊಬ್ಬಿನ ಕವಚವಿಲ್ಲ. ಚಳಿ ತಡೆಯಲು ದಟ್ಟ ತುಪ್ಪಳವೊಂದೇ ಗತಿ. ಆ ತುಪ್ಪಳಕ್ಕಾಗಿಯೇ ಮನುಷ್ಯ ಇದನ್ನು ಬೇಟೆಯಾಡಿ ಕ್ಯಾಲಿಫೋರ್ನಿಯದ ದಂಡೆಯಲ್ಲಿ ನಿರ್ನಾಮವೇ ಆಯಿತೆಂಬ ಹಂತಕ್ಕೆ ತಂದ. 1938ರಲ್ಲಿ ಬಿಗ್ಸ್‌ಬಿ ತೊರೆಯ ಬಳಿ ಒಂದು ಸಣ್ಣ ಹಿಂಡು ಜನರ ಕಣ್ಣಿಗೆ ಬಿತ್ತು. ಇಂದು ಆ ದಂಡೆಯಲ್ಲಿ ಸುಮಾರು ಮೂರು ಸಾವಿರ ನೀರುನಾಯಿಗಳಿವೆ. ಇವು ಮುಳ್ಳುಚೆಂಡಿನಂಥ ಕಡಲ ಜೀವಿಗಳನ್ನು ತಿನ್ನುತ್ತವೆ. ಆ ಜೀವಿಗಳು ಕೆಲ್ಪನ್ನು ತಿನ್ನುತ್ತವೆ. ನೀರುನಾಯಿ ಇಲ್ಲವಾದರೆ ಕಾಡಿಗೂ ಕೇಡು.

ತಾಯಿಯಿಂದ ಅಗಲಿ ದಡಕ್ಕೆ ಬಿದ್ದ ಮರಿಗಳನ್ನು ಮತ್ಸ್ಯಾಲಯದವರು ತಂದು ಸಾಕುತ್ತಾರೆ. ಮರಳಿ ಕಡಲಿಗೆ ಬಿಡಲಾಗದ ಹಿರಿಯ ಹೆಣ್ಣು ನೀರುನಾಯಿಗಳು ಅವುಗಳಿಗೆ ಸಾಕುತಾಯಂದಿರು. ಕಲ್ಲಿನಿಂದ ಚಿಪ್ಪು ಒಡೆಯುವುದನ್ನು ಮರಿ ಅವುಗಳಿಂದಲೇ ಕಲಿಯಬೇಕು. ಮನುಷ್ಯರ ಸಲಿಗೆ ಬೆಳೆಯಬಾರದೆಂದು ಸಿಬ್ಬಂದಿಯವರು ಕಪ್ಪು ನಿಲುವಂಗಿ ತೊಟ್ಟು, ಮುಖ ಮುಚ್ಚಿಕೊಂಡು ಹಾಲೂಡಿಸುತ್ತಾರೆ. ಚಿತ್ರದಲ್ಲಿ ಇದನ್ನು ನೋಡಿದ ಹುಡುಗಿ, "ಅವ್ವಾ, ಮರಿ ದೊಡ್ಡದಾದ ಮ್ಯಾಲ ಅದನ್ನ ಬಿಟ್ಟುಬಿಡ್ತಾರಲ್ಲ, ನನ್ನ ಯಾವಾಗ ಸಾಲಿಗೆ ಬಿಡ್ತಿ?" ಎಂದಳು. ನಗುತ್ತಲೇ ಕೇಳಿದಳು, ಆದರೆ ತಾಯಿಯ ಮುಖ ಸಣ್ಣದಾಯಿತು.

ಮಧ್ಯಾಹ್ನ ಕಡಲಿಗೆದುರಾಗಿ ಕುಳಿತು ಚಪಾತಿ ಬಿಚ್ಚಿದಾಗ ಆಕೆ ನನ್ನನ್ನು ಕೇಳಿದಳು: "ಮಾಮಾ, ನಾ ಮಾಡೂದು ತಪ್ಪೇನು?" ಮಠದ ಪಾಠಶಾಲೆಯಲ್ಲಿ ನೂರಾರು ಹುಡುಗರೊಡನೆ ಪಂಕ್ತಿಯಲ್ಲಿ ಉಂಡು ಬೆಳೆದವನು ನಾನು. ವ್ಯಾಕರಣವನ್ನು ಗುರುಗಳು ಕಲಿಸಿದರು. ಹಂಚಿಕೊಳ್ಳುವುದನ್ನು, ಜಗಳವಾಡಿ ಮತ್ತೆ ಕೂಡುವುದನ್ನು ಆ ಪಂಕ್ತಿ ಕಲಿಸಿತು. ನಿನ್ನ ಪಾಠದಲ್ಲಿ ಕೊರತೆಯಿಲ್ಲ, ಪಂಕ್ತಿಯಲ್ಲಿದೆ ಎಂದೆ. ವಾರಕ್ಕೊಮ್ಮೆ ಇಂಥವೇ ನಾಲ್ಕಾರು ಕುಟುಂಬಗಳು ಉದ್ಯಾನದಲ್ಲಿ ಸೇರುತ್ತವೆಂದು ಆಕೆ ಹೇಳಿದಳು. ಅದು ಸಾಲದೆಂಬುದು ಆಕೆಗೂ ತಿಳಿದಿತ್ತು. ಮಕ್ಕಳನ್ನು ಕೇಳಿ ನಿರ್ಧರಿಸುವುದೆಂದು ಗಂಡಹೆಂಡಿರು ಆ ರಾತ್ರಿಯೇ ಮಾತನಾಡಿಕೊಂಡರು.

ಆ ಅಕ್ಟೋಬರಿನ ಪ್ರಮಾಣಪತ್ರದಲ್ಲಿ ವಿದ್ಯಾರ್ಥಿಗಳ ಸಂಖ್ಯೆ ಎರಡೇ ಇತ್ತು. 2024ರ ಆಗಸ್ಟಿನಲ್ಲಿ ಹುಡುಗಿ ಹತ್ತಿರದ ಸರಕಾರಿ ಪ್ರೌಢಶಾಲೆಯನ್ನು ಸೇರಿದಳು. ಹುಡುಗ ತನಗೆ ಮನೆಯೇ ಸಾಕೆಂದ. ಜಗಳವಾಡಲು ಹಗಲು ಹೊತ್ತು ಯಾರೂ ಇಲ್ಲವೆಂಬುದೊಂದೇ ದೂರವಾಣಿಯಲ್ಲಿ ಅವನು ನನಗೆ ಹೇಳಿದ ದೂರು.